ಕೊಬ್ಬರಿ ದುಡ್ಡು, ಮೆಲ್ಬರ್ನ್ ಕಾಲೇಜು: ಅವಧಿ ಇರುವಾಗಲೇ ಸ್ಟೂಡೆಂಟ್ ವೀಸಾ ರದ್ದಾಗೋದು ಹೇಗೆ?

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಚಿಕ್ಕಪ್ಪ ಫೋನ್ ಮಾಡಿದರು. ಹುಳಿಯಾರು ಕಡೆಯ ಹಳ್ಳಿ, ಒಂಬತ್ತಕ್ಕೆಲ್ಲ ಮಲಗುವ ಮನುಷ್ಯ. ಆ ಹೊತ್ತಲ್ಲಿ ಫೋನ್ ಬಂತು ಅಂದ್ರೆ ಸಾವಿನ ಸುದ್ದಿಯೇ ಇರಬೇಕು ಅಂದುಕೊಂಡೆ.

"ವಾಟ್ಸಾಪ್‌ಗೆ ಒಂದು ಕಾಗದ ಹಾಕಿದೀನಿ, ಓದಿ ಹೇಳಪ್ಪ. ಇವನು ಏನೂ ಸರಿಯಾಗಿ ಬಾಯಿ ಬಿಡ್ತಿಲ್ಲ" ಅಂದರು. 'ಇವನು' ಅಂದರೆ ನನ್ನ ತಮ್ಮ, ಚಿಕ್ಕಪ್ಪನ ಮಗ. ಮೆಲ್ಬರ್ನ್‌ನಲ್ಲಿ ಓದಲು ಹೋಗಿ ವರ್ಷದ ಮೇಲಾಗಿದೆ. ಕಾಗದ ಬಂದಿದ್ದು ಆಸ್ಟ್ರೇಲಿಯಾದ ಗೃಹ ವ್ಯವಹಾರಗಳ ಇಲಾಖೆಯಿಂದ. ನಿನ್ನ ವೀಸಾ ರದ್ದು ಮಾಡುವ ಬಗ್ಗೆ ಯೋಚಿಸುತ್ತಿದ್ದೇವೆ, ಯಾಕೆ ರದ್ದು ಮಾಡಬಾರದು ಅಂತ ಉತ್ತರ ಕೊಡು ಅನ್ನುವುದು ಅದರ ಸಾರಾಂಶ. ಉತ್ತರ ಕೊಡಲು ಉಳಿದಿದ್ದು ನಾಲ್ಕು ದಿನ.

ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ವೀಸಾ 2027ರ ತಂಕ ಐತಲ್ಲಪ್ಪ. ಕೊಟ್ಟಿರೋದನ್ನ ಮಧ್ಯದಲ್ಲಿ ಹೆಂಗೆ ಕಿತ್ಕೊಳ್ತಾರೆ?"

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ಹಲವು ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಕಳಿಸುವ ಮುಂಚೆ ಏಜೆಂಟರೂ ಹೇಳಿರುವುದಿಲ್ಲ. ಅದಕ್ಕೇ ಈ ಬರಹ.

ವೀಸಾ ನಿಂತಿರುವುದು ದಾಖಲಾತಿಯ ಮೇಲೆ

ಟೂರಿಸ್ಟ್ ವೀಸಾದಲ್ಲಿ ಹೋದವರು ಅವಧಿ ಮುಗಿಯುವ ತನಕ ಸುತ್ತಾಡಿಕೊಂಡು ಬರಬಹುದು. ಸ್ಟೂಡೆಂಟ್ ವೀಸಾ ಹಾಗಲ್ಲ. ಅದರಲ್ಲಿ ಬರೆದಿರುವ ತಾರೀಕು ಗರಿಷ್ಠ ಮಿತಿ ಅಷ್ಟೇ. ಅಲ್ಲಿಯವರೆಗೆ ಪ್ರತಿ ಸೆಮಿಸ್ಟರ್‌ನಲ್ಲೂ ನೀವು ವಿದ್ಯಾರ್ಥಿಯಾಗಿ ಉಳಿದಿರಬೇಕು. ಶುಲ್ಕ ಕಟ್ಟಿ, ದಾಖಲಾತಿ ಉಳಿಸಿಕೊಂಡು, ಕ್ಲಾಸಿಗೆ ಹೋಗಿ, ಪಾಸಾಗುತ್ತಾ ಇದ್ದರೆ ಮಾತ್ರ ತಾರೀಕಿಗೆ ಬೆಲೆ.

ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾಗೆ ಸಬ್‌ಕ್ಲಾಸ್ 500 ಅಂತ ಹೆಸರು. ಅದಕ್ಕೆ ಅಂಟಿಸಿದ ಷರತ್ತುಗಳಲ್ಲಿ ಮುಖ್ಯವಾದದ್ದು 8202. ಅದು ಮೂರು ವಿಷಯ ಕೇಳುತ್ತದೆ.

ಒಂದು, ಸರ್ಕಾರದಲ್ಲಿ ನೋಂದಣಿಯಾದ ಕೋರ್ಸೊಂದರಲ್ಲಿ ನಿಮ್ಮ ದಾಖಲಾತಿ ಸದಾ ಇರಬೇಕು. ಎರಡು, ಹಾಜರಾತಿ ಮತ್ತು ಓದಿನ ಪ್ರಗತಿ ತೃಪ್ತಿಕರವಾಗಿರಬೇಕು. ಮೂರು, ಯಾವ ಮಟ್ಟದ ಕೋರ್ಸ್ ತೋರಿಸಿ ವೀಸಾ ಪಡೆದಿರೋ ಅದೇ ಮಟ್ಟ ಅಥವಾ ಅದಕ್ಕಿಂತ ಮೇಲಿನ ಮಟ್ಟದಲ್ಲೇ ಇರಬೇಕು.

ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲಿ. ಅಲ್ಲಿನ ಕೋರ್ಸುಗಳಿಗೆ 1ರಿಂದ 10ರವರೆಗೆ ಮಟ್ಟಗಳಿವೆ. ಡಿಪ್ಲೊಮಾ 5, ಬ್ಯಾಚುಲರ್ ಡಿಗ್ರಿ 7, ಮಾಸ್ಟರ್ಸ್ 9, ಪಿಎಚ್‌ಡಿ 10. ಮಾಸ್ಟರ್ಸ್‌ಗೆ ಅಂತ ವೀಸಾ ತಗೊಂಡವರು ಡಿಪ್ಲೊಮಾಗೆ ಇಳಿದರೆ ಷರತ್ತು ಮುರಿದಂತೆ. ಪಿಎಚ್‌ಡಿಯಿಂದ ಮಾಸ್ಟರ್ಸ್‌ಗೆ ಇಳಿಯುವುದಕ್ಕೆ ಮಾತ್ರ ವಿನಾಯಿತಿ ಇದೆ. ಮಿಕ್ಕವರು ಕೆಳಗಿನ ಕೋರ್ಸಿಗೆ ಹೋಗಬೇಕೆಂದರೆ ಮೊದಲು ಹೊಸ ಸ್ಟೂಡೆಂಟ್ ವೀಸಾ ಪಡೆಯಬೇಕು. 2025ರ ಜುಲೈ 1ರಿಂದ ಆ ಅರ್ಜಿಯ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್.

ನನ್ನ ತಮ್ಮ ಮಾಡಿದ್ದು ಇದನ್ನೇ. ಮೊದಲ ಸೆಮಿಸ್ಟರ್ ಯೂನಿವರ್ಸಿಟಿಯಲ್ಲಿ ಓದಿದ. ಎರಡನೆಯದಕ್ಕೆ ದುಡ್ಡು ಸಾಲಲಿಲ್ಲ. ರೂಮ್‌ಮೇಟ್ ಮೂಲಕ ಪರಿಚಯವಾದ ಏಜೆಂಟ್ ಒಬ್ಬ, "ಯೂನಿವರ್ಸಿಟಿ ಬಿಡು, ಡಿಪ್ಲೊಮಾಗೆ ಸೇರ್ಕೋ. ಫೀಸು ಕಮ್ಮಿ, ಕ್ಲಾಸು ವಾರಕ್ಕೆ ಎರಡು ದಿನ. ಮಿಕ್ಕ ದಿನ ದುಡಿ" ಅಂದ. ಮುಖ್ಯ ಕೋರ್ಸಿನ ಮೊದಲ ಆರು ತಿಂಗಳು ಮುಗಿಯುವವರೆಗೆ ಸುಮ್ಮನೆ ಕಾಲೇಜು ಬದಲಾಯಿಸುವಂತಿಲ್ಲ ಅನ್ನುವ ನಿಯಮ ಅಲ್ಲಿದೆ. ಆ ಏಜೆಂಟ್‌ಗೆ ಅದು ಚೆನ್ನಾಗಿ ಗೊತ್ತಿತ್ತು, ಆರು ತಿಂಗಳು ಕಾಯಿಸಿಯೇ ಸೇರಿಸಿದ. 8202ರ ವಿಷಯ ಮಾತ್ರ ಎತ್ತಲಿಲ್ಲ. ಯಾಕೆ ಎತ್ತುತ್ತಾನೆ? ಅವನಿಗೆ ಕಮಿಷನ್ ಸಿಗುವುದು ಸೇರಿಸಿದ್ದಕ್ಕೆ, ವೀಸಾ ಉಳಿದಿದ್ದಕ್ಕಲ್ಲ.

ಅವರಿಗೆ ಗೊತ್ತಾಗೋದು ಹೇಗೆ?

"ಅಷ್ಟು ದೊಡ್ಡ ದೇಶದಲ್ಲಿ ಇವನು ಕಾಲೇಜು ಬಿಟ್ಟಿದ್ದು ಯಾರಿಗೆ ತಿಳೀತು?" ಇದು ಚಿಕ್ಕಪ್ಪನ ಎರಡನೇ ಪ್ರಶ್ನೆ.

ಪೊಲೀಸರು ಮನೆಗೆ ಬಂದು ನೋಡಬೇಕಾಗಿಲ್ಲ. ಪ್ರತಿ ವಿದೇಶಿ ವಿದ್ಯಾರ್ಥಿಗೂ ದಾಖಲಾತಿಯ ದೃಢೀಕರಣ ಪತ್ರ ಇರುತ್ತದೆ, ಸಿಒಇ ಅಂತಾರೆ. ಅದು ಹುಟ್ಟುವುದೇ ಪ್ರಿಸ್ಮ್ಸ್ ಅನ್ನುವ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಯಲ್ಲಿ. ನೀವು ಸೇರಿದಿರಿ, ಬಿಟ್ಟಿರಿ, ಫೀಸು ಕಟ್ಟಲಿಲ್ಲ ಅಂತ ದಾಖಲಾತಿ ರದ್ದಾಯಿತು, ಎಲ್ಲವನ್ನೂ ಕಾಲೇಜು ಅಲ್ಲಿ ನಮೂದಿಸಲೇಬೇಕು. ಇದು 2000ನೇ ಇಸವಿಯ ಕಾನೂನಿನಡಿ ಕಾಲೇಜಿನ ಕರ್ತವ್ಯ. ನಮೂದಿಸದಿದ್ದರೆ ಕಾಲೇಜಿನ ನೋಂದಣಿಗೇ ಕುತ್ತು. ವೀಸಾ ಇಲಾಖೆಗೂ ಆ ಮಾಹಿತಿ ಹೋಗುತ್ತದೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ಆಶ್ಚರ್ಯ ಕಾಣಲ್ಲ. ಎರಡು ಡೇಟಾಬೇಸ್‌ಗಳನ್ನು ಹೋಲಿಸಿದರೆ ಸಾಕು, ವೀಸಾ ಇದ್ದೂ ಕಾಲೇಜು ಇಲ್ಲದವರ ಪಟ್ಟಿ ತಾನಾಗೇ ಬರುತ್ತೆ.

ಆದರೆ ನಡುವೆ ಕೆಲವು ಮೆಟ್ಟಿಲುಗಳಿವೆ, ಅವು ವಿದ್ಯಾರ್ಥಿಯ ಪರವಾಗಿಯೇ ಇವೆ. ಹಾಜರಾತಿ ಅಥವಾ ಪ್ರಗತಿ ಸಾಲದು ಅಂತ ವರದಿ ಮಾಡುವ ಮುಂಚೆ ಕಾಲೇಜು ಲಿಖಿತ ನೋಟಿಸ್ ಕೊಡಬೇಕು. ಕಾಲೇಜಿನೊಳಗೇ ಮೇಲ್ಮನವಿ ಸಲ್ಲಿಸಲು 20 ಕೆಲಸದ ದಿನಗಳ ಅವಕಾಶ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಓಂಬುಡ್ಸ್‌ಮನ್ ಬಳಿ ಉಚಿತವಾಗಿ ದೂರು ಕೊಡಬಹುದು.

ಅದಾದ ಮೇಲೆ ಇಲಾಖೆಯ ಸರದಿ. ಒಂದು ಕಾಲದಲ್ಲಿ ಕಾಲೇಜಿನ ವರದಿ ಬಂದು, ನಿಗದಿತ ದಿನಗಳಲ್ಲಿ ವಿದ್ಯಾರ್ಥಿ ಕಚೇರಿಗೆ ಹಾಜರಾಗದಿದ್ದರೆ ವೀಸಾ ತಾನಾಗೇ ರದ್ದಾಗುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಆ ಪದ್ಧತಿ ತೆಗೆದರು. ಈಗ ವಲಸೆ ಕಾಯ್ದೆಯ 116ನೇ ಕಲಮಿನಡಿ ಮೊದಲು ನೋಟಿಸ್, ಆಮೇಲೆ ವಿದ್ಯಾರ್ಥಿಯ ಉತ್ತರ, ಅದನ್ನು ಓದಿ ಅಧಿಕಾರಿಯ ತೀರ್ಮಾನ. ರದ್ದು ಮಾಡಲೂಬಹುದು, ಬಿಡಲೂಬಹುದು. ಕಾಯಿಲೆ, ಮನೆಯಲ್ಲಿ ಸಾವು, ಕಾಲೇಜಿನದೇ ತಪ್ಪು, ಕೈಮೀರಿದ ಕಾರಣ ಏನಿತ್ತು ಅನ್ನುವುದನ್ನು ಅವರು ತೂಗಿ ನೋಡುತ್ತಾರೆ.

ಅಂದರೆ ಉತ್ತರ ಕೊಟ್ಟವರಿಗೆ ಒಂದು ಬಾಗಿಲು ತೆರೆದಿದೆ. ಸುಮ್ಮನಿದ್ದವರಿಗೆ ಇಲ್ಲ. ನೋಟಿಸ್ ಇಮೇಲ್‌ನಲ್ಲಿ ಬಂದರೆ ಕಳಿಸಿದ ದಿನದ ಕೊನೆಗೆ ನಿಮಗೆ ತಲುಪಿತು ಅಂತಲೇ ಕಾನೂನು ಲೆಕ್ಕ ಹಾಕುತ್ತೆ. ಸ್ಪ್ಯಾಮ್‌ಗೆ ಹೋಗಿತ್ತು, ನೋಡಲಿಲ್ಲ ಅನ್ನೋದು ನಡೆಯಲ್ಲ.

ರದ್ದಾದ ಮೇಲೆ ಏನು? ಆ ಕ್ಷಣದಿಂದ ಅಲ್ಲಿರುವುದೇ ಕಾನೂನುಬಾಹಿರ. ಅಲ್ಲೇ ಕೂತು ಬೇರೆ ವೀಸಾಗೆ ಅರ್ಜಿ ಹಾಕುವ ದಾರಿ ಬಹುತೇಕ ಮುಚ್ಚುತ್ತದೆ. ವಾಪಸ್ ಬಂದರೂ ಮೂರು ವರ್ಷ ಹಲವು ತಾತ್ಕಾಲಿಕ ವೀಸಾಗಳಿಗೆ ತಡೆ ಬೀಳಬಹುದು. ತೀರ್ಮಾನವನ್ನು ಪ್ರಶ್ನಿಸಬಹುದು. ಹಳೆಯ ಮೇಲ್ಮನವಿ ಮಂಡಳಿಯ ಜಾಗದಲ್ಲಿ 2024ರ ಅಕ್ಟೋಬರ್ 14ರಿಂದ ಆಡಳಿತ ಪುನರ್‌ಪರಿಶೀಲನಾ ಟ್ರಿಬ್ಯೂನಲ್ ಕೆಲಸ ಮಾಡುತ್ತಿದೆ. ಅದಕ್ಕೂ ಗಡುವು ಇದೆ, ರದ್ದತಿಯ ಪತ್ರದಲ್ಲೇ ಬರೆದಿರುತ್ತಾರೆ. ಗಡುವು ತಪ್ಪಿದರೆ ಮುಗಿಯಿತು.

ಎಲ್ಲ ದೇಶದಲ್ಲೂ ಇದೇ ಕಥೆ

ಅಮೆರಿಕದಲ್ಲಿ ಇದರ ಹೆಸರು ಸೆವಿಸ್. ಎಫ್-1 ವೀಸಾದಲ್ಲಿ ಹೋದವರು ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಡಿಗ್ರಿಯವರಿಗೆ ಸಾಮಾನ್ಯವಾಗಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್. ಅದಕ್ಕಿಂತ ಕಡಿಮೆ ಮಾಡಬೇಕಾದರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯ ಒಪ್ಪಿಗೆ ಮೊದಲೇ ಬೇಕು. ಮೊದಲು ಬಿಟ್ಟು, ಆಮೇಲೆ ಹೇಳಿದರೆ ಸ್ಟೇಟಸ್ ಹೋದಂತೆ. 2025ರ ಮೇ 27ರಂದು ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ ಇದನ್ನು ಬಹಿರಂಗವಾಗಿಯೇ ಹೇಳಿತು: ಕಾಲೇಜಿಗೆ ತಿಳಿಸದೆ ಓದು ಬಿಟ್ಟರೆ, ಕ್ಲಾಸಿಗೆ ಚಕ್ಕರ್ ಹಾಕಿದರೆ ವೀಸಾ ರದ್ದಾಗಬಹುದು, ಮುಂದೆ ವೀಸಾ ಸಿಗದೆಯೂ ಹೋಗಬಹುದು.

ಈ ಅಧಿಕಾರ ಎಷ್ಟು ದೊಡ್ಡದು ಅನ್ನೋದು ಅದಕ್ಕೂ ಒಂದು ತಿಂಗಳ ಹಿಂದೆ ಕಂಡಿತ್ತು. 2025ರ ಏಪ್ರಿಲ್ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಅಲ್ಲಿನ ಸರ್ಕಾರ ಕೊನೆಗೊಳಿಸಿತು. ಅವರಲ್ಲಿ ತರಗತಿ ತಪ್ಪಿಸದೆ ಓದುತ್ತಿದ್ದವರೂ ಇದ್ದರು. ವಿದ್ಯಾರ್ಥಿಗಳು ದೇಶದ ಉದ್ದಗಲಕ್ಕೂ ಕೋರ್ಟ್‌ಗೆ ಹೋದರು. ಏಪ್ರಿಲ್ 25ರಂದು ಸರ್ಕಾರಿ ವಕೀಲರು ದಾಖಲೆಗಳನ್ನು ಮತ್ತೆ ಚಾಲ್ತಿಗೆ ತರುತ್ತೇವೆ ಅಂತ ಕೋರ್ಟಿಗೆ ಹೇಳಬೇಕಾಯಿತು. ಷರತ್ತು ಪಾಲಿಸಿದವರಿಗೆ ಕೋರ್ಟಿನಲ್ಲಿ ನಿಲ್ಲಲು ನೆಲ ಇತ್ತು ಅನ್ನುವುದು ಇಲ್ಲಿ ನೆನಪಿಡಬೇಕಾದ ಮಾತು.

ಕೆನಡಾದಲ್ಲಿ ಕಾಲೇಜುಗಳು ವರ್ಷಕ್ಕೆರಡು ಸಲ ವರದಿ ಕೊಡುತ್ತವೆ. 2024ರ ಮಾರ್ಚ್–ಏಪ್ರಿಲ್‌ನ ವರದಿಯಲ್ಲಿ ಸುಮಾರು 50 ಸಾವಿರ ವಿದೇಶಿ ವಿದ್ಯಾರ್ಥಿಗಳು ಓದಬೇಕಾದ ಕಾಲೇಜಿನಲ್ಲಿ ಇಲ್ಲ ಅಂತ ಕಂಡುಬಂತು. ಅವರಲ್ಲಿ ಸುಮಾರು 20 ಸಾವಿರ ಭಾರತೀಯರು. ಬ್ರಿಟನ್ನಿನಲ್ಲಿ ವಿದ್ಯಾರ್ಥಿ ದಾಖಲಾಗದಿದ್ದರೆ ಯೂನಿವರ್ಸಿಟಿ 10 ಕೆಲಸದ ದಿನಗಳಲ್ಲಿ ವರದಿ ಮಾಡಬೇಕು.

ಕಾಲೇಜೇ ಕಳ್ಳ ಆದಾಗ

ಸೇರಿದ ಕಾಲೇಜೇ ಮೋಸದ್ದಾಗಿದ್ದರೆ? 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ ದಾಳಿ ಆಯಿತು. ಅಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು, ಬಹುಪಾಲು ಭಾರತೀಯರು, ಅವರಲ್ಲೂ ಹೆಚ್ಚಿನವರು ಆಗಿನ ಆಂಧ್ರಪ್ರದೇಶದವರು. ಕಾಗದದ ಮೇಲೆ ದಾಖಲಾತಿ ಇತ್ತು, ಶುಲ್ಕ ಕಟ್ಟಿಸಿಕೊಂಡಿದ್ದರು. ಆದರೆ ವಿದ್ಯಾರ್ಥಿಗಳು ಇದ್ದದ್ದು ದೇಶದ ಮೂಲೆಮೂಲೆಗಳಲ್ಲಿ, ಕೆಲಸ ಮಾಡಿಕೊಂಡು. ಅರ್ಧಕ್ಕಿಂತ ಹೆಚ್ಚು ಮಂದಿಯ ವಿಳಾಸ ಅಂತ ಯೂನಿವರ್ಸಿಟಿ ತೋರಿಸಿದ್ದು ಒಂದೇ ಅಪಾರ್ಟ್‌ಮೆಂಟ್.

ಕೆಲವು ವಿದ್ಯಾರ್ಥಿಗಳ ಕಾಲಿಗೆ ನಿಗಾ ಇಡುವ ರೇಡಿಯೋ ಪಟ್ಟಿ ಕಟ್ಟಿದರು. ಆಗ ನಮ್ಮ ವಿದೇಶಾಂಗ ಸಚಿವರಾಗಿದ್ದವರು ಕನ್ನಡಿಗರೇ ಆದ ಎಸ್.ಎಂ. ಕೃಷ್ಣ. ಅಪರಾಧಿಗಳಲ್ಲದ ಮಕ್ಕಳನ್ನು ಹೀಗೆ ನಡೆಸಿಕೊಳ್ಳುವುದು ಅಮಾನವೀಯ ಅಂತ ಅವರು ಪ್ರತಿಭಟಿಸಿದರು. ಯೂನಿವರ್ಸಿಟಿ ಸ್ಥಾಪಕಿಗೆ 2014ರಲ್ಲಿ 16 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು. ಆದರೆ ಕೇಸು ತೀರ್ಮಾನವಾಗುವ ಮೂರೂವರೆ ವರ್ಷ ವಿದ್ಯಾರ್ಥಿಗಳ ಬದುಕು ಕಾಯುತ್ತಾ ಕೂರಲಿಲ್ಲ. ಕಾಲೇಜು ಮುಚ್ಚಿದ ದಿನವೇ ಅವರ ದಾಖಲಾತಿಯೂ ಹೋಯಿತು.

"ಕ್ಲಾಸು ನೆಪಕ್ಕೆ, ಕೆಲಸ ಮಾಡ್ಕೊಂಡಿರು" ಅಂತ ಇವತ್ತು ಯಾವನಾದರೂ ಹೇಳಿದರೆ ಅವನು ಮಾರುತ್ತಿರುವುದು ಅದೇ ಸರಕು ಅಂತ ತಿಳಿಯಿರಿ.

ನಮ್ಮ ಕಡೆಯ ಲೆಕ್ಕ

ಈಗ ಕಷ್ಟದ ಪ್ರಶ್ನೆಗೆ ಬರೋಣ. ಓದುವ ನೆಪದಲ್ಲಿ ದುಡಿಯಲೆಂದೇ ಹೋಗುವವರು ಇಲ್ಲವೇ? ಇದ್ದಾರೆ. ಮುಖ್ಯ ಕೋರ್ಸ್ ಜೊತೆಗೇ ಇನ್ನೊಂದು ಅಗ್ಗದ ಕೋರ್ಸಿಗೆ ಸೇರುವ ಅವಕಾಶವನ್ನು ಆಸ್ಟ್ರೇಲಿಯಾ 2023ರ ಆಗಸ್ಟ್‌ನಲ್ಲಿ ಬಂದ್ ಮಾಡಿತು. ಆ ವರ್ಷದ ಮೊದಲ ಆರು ತಿಂಗಳಲ್ಲೇ ಅಂಥ 17 ಸಾವಿರ ದಾಖಲಾತಿಗಳಾಗಿದ್ದವು. ಅದನ್ನು ಮುಚ್ಚಿಟ್ಟು ಬರೆಯುವುದು ಬೇಡ. ಆದರೆ ನನ್ನ ತಮ್ಮನಂಥವರು ಕಾಲೇಜು ಬಿಡುವುದು ಬೇರೆ ಕಾರಣಕ್ಕೆ. ಅದು ಅರ್ಥವಾಗಬೇಕಾದರೆ ಕೊಬ್ಬರಿ ಲೆಕ್ಕ ಹಾಕಬೇಕು.

ವೀಸಾ ಅರ್ಜಿಗೆ ಒಂದು ವರ್ಷದ ಜೀವನ ವೆಚ್ಚವಾಗಿ 29,710 ಡಾಲರ್ ತೋರಿಸಬೇಕು. ಇದು 2024ರ ಮೇ 10ರಿಂದ ಜಾರಿಗೆ ಬಂದ ಮೊತ್ತ. ಕಾಲೇಜು ಶುಲ್ಕ, ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ. ಡಾಲರ್‌ಗೆ 55 ರೂಪಾಯಿ ಹಿಡಿದರೂ 16 ಲಕ್ಷ ದಾಟುತ್ತದೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿದ್ದಿತ್ತು, ಬೆಂಬಲ ಬೆಲೆ 11,750 ಇದ್ದರೂ. ಆ ದರದಲ್ಲಿ ಈ ದುಡ್ಡಿಗೆ 200 ಕ್ವಿಂಟಲ್ ಮೇಲೆ ಕೊಬ್ಬರಿ ಬೇಕು. 2025ರಲ್ಲಿ ದರ 25 ಸಾವಿರ ದಾಟಿತು. ಆಗ ಅದೇ ದುಡ್ಡಿಗೆ 65 ಕ್ವಿಂಟಲ್ ಸಾಕು.

ದರ ಏರಿದ ವರ್ಷ ಪಾಸ್‌ಪೋರ್ಟ್ ಮಾಡಿಸುವ ಧೈರ್ಯ ಬರುತ್ತೆ. ಆದರೆ ದರ ಏರಿದ್ದೇ ಇಳುವರಿ ಬಿದ್ದದ್ದರಿಂದ. ಕಪ್ಪುತಲೆ ಹುಳು, ನುಸಿ ಪೀಡೆ, ಮಳೆ ಏರುಪೇರು ಎಲ್ಲ ಸೇರಿ, ಬೆಲೆ ಇದ್ದಾಗ ಅಟ್ಟದಲ್ಲಿ ಕಾಯಿ ಇಲ್ಲ. ಇದ್ದರೂ ಉಂಡೆ ಕೊಬ್ಬರಿ ಬೇಕೆಂದಾಗ ಆಗುವ ಸರಕಲ್ಲ. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ನೀರು ಇಂಗಿ ಕೊಬ್ಬರಿಯಾಗಲು ಹತ್ತು, ಹನ್ನೊಂದು ತಿಂಗಳು. ಸೆಮಿಸ್ಟರ್ ಫೀಸು ಕೇಳುವುದು ಆರು ತಿಂಗಳಿಗೊಮ್ಮೆ, ಅದೂ ಗಡುವು ಹಾಕಿ.

ಬ್ಯಾಂಕ್ ಸಾಲ? ನಾಲ್ಕೆಕರೆ ತೋಟ ಇದೆ ಅಂದರೂ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯನ್ನು ಸಾಮಾನ್ಯವಾಗಿ ಅಡಮಾನಕ್ಕೆ ಒಪ್ಪಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ, 31ನೇ ಕಲಮಿನಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತರನ್ನು ಕಾಪಾಡುವ ಒಳ್ಳೆಯ ಕಲಮು ಅದು. ಆದರೆ ಮಗನ ಓದಿಗೆ ಸಾಲ ಕೇಳುವಾಗ ತೋಟ ಲೆಕ್ಕಕ್ಕೇ ಬರುವುದಿಲ್ಲ. ಆಗ ಉಳಿಯುವುದು ಮನೆ, ಪೇಟೆಯ ಸೈಟು, ಹೆಣ್ಣುಮಕ್ಕಳ ಒಡವೆ, ಚೀಟಿ, ಕೈಸಾಲ. ಚಿಕ್ಕಪ್ಪ ಸೈಟು ಮಾರಿದರು, ಚಿಕ್ಕಮ್ಮನ ಸರ ಗಿರವಿಗೆ ಹೋಯಿತು. ಮೊದಲ ಸೆಮಿಸ್ಟರ್ ಅಷ್ಟರಲ್ಲಿ ಮುಗಿಯಿತು.

"ಅಲ್ಲಿ ಹೋಗಿ ದುಡಿದು ಕಟ್ಕೋತೀನಿ" ಅಂತ ಹುಡುಗರು ಹೇಳ್ತಾರೆ. ಲೆಕ್ಕ ನೋಡೋಣ. ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 2025ರ ಜುಲೈನಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ವರ್ಷವಿಡೀ ಒಂದು ದಿನವೂ ತಪ್ಪಿಸದೆ ದುಡಿದರೆ ಸುಮಾರು 31 ಸಾವಿರ ಡಾಲರ್, ತೆರಿಗೆಗೂ ಮುಂಚೆ. ಅಂದರೆ ಸರ್ಕಾರವೇ ಹೇಳುವ ಜೀವನ ವೆಚ್ಚಕ್ಕೆ ಸರಿಹೋಗುತ್ತೆ. ರಜೆಯಲ್ಲಿ ಗಂಟೆಗಳ ಮಿತಿ ಇಲ್ಲದಿದ್ದರೂ ಪೂರ್ತಿ ಶುಲ್ಕ ಹುಟ್ಟಲ್ಲ. ಶುಲ್ಕ ಮನೆಯಿಂದಲೇ ಹೋಗಬೇಕು. ಮನೆಯಿಂದ ಹೋಗದಿದ್ದರೆ ಹುಡುಗ 48 ಗಂಟೆ ಮೀರಿ ದುಡಿಯುತ್ತಾನೆ, ಅದೂ ಷರತ್ತಿನ ಉಲ್ಲಂಘನೆ. ಇಲ್ಲವೇ ಅಗ್ಗದ ಕಾಲೇಜು ಹುಡುಕುತ್ತಾನೆ.

ಕಾಲೇಜು ಬಿಟ್ಟದ್ದನ್ನು ಮನೆಗೆ ಹೇಳಲ್ಲ. ಯಾಕೆ ಹೇಳಲಿಲ್ಲ ಅಂತ ತಮ್ಮನನ್ನು ಕೇಳಿದೆ. "ಅಪ್ಪ ಸೈಟು ಮಾರಿದ್ದು ಊರಿಗೆಲ್ಲ ಗೊತ್ತಲ್ಲಣ್ಣ. ಏನಂತ ಹೇಳ್ಲಿ?" ಅಂದ.

ಹಾಗಾದರೆ ಏನು ಮಾಡಬೇಕು?

ಫೀಸು ಕಟ್ಟಲು ಆಗಲ್ಲ ಅಂತ ಗೊತ್ತಾದ ದಿನವೇ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ. ಕಂತು ಕೇಳಿ. ಕಾಯಿಲೆ, ಮನೆಯ ತೊಂದರೆಯಂಥ ಕಾರಣವಿದ್ದರೆ ಓದನ್ನು ತಾತ್ಕಾಲಿಕವಾಗಿ ಮುಂದೂಡುವ ಅನುಮತಿ ಕೇಳಿ. ಎಲ್ಲ ಬರವಣಿಗೆಯಲ್ಲಿರಲಿ. ಅನುಮತಿ ಪಡೆದು ನಿಲ್ಲಿಸುವುದು ಬೇರೆ, ಹೇಳದೆ ನಿಲ್ಲಿಸುವುದು ಬೇರೆ.

ಕೋರ್ಸ್ ಬದಲಿಸುವ ಮುಂಚೆ ಮಟ್ಟ ನೋಡಿ. ನಿಮ್ಮ ವೀಸಾದ ಷರತ್ತುಗಳನ್ನು ಆಸ್ಟ್ರೇಲಿಯಾ ಸರ್ಕಾರದ ವೀವೋ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಕಾಲೇಜಿಗೆ ಸೇರಿಸುವ ಏಜೆಂಟ್ ಬೇರೆ, ವೀಸಾ ಬಗ್ಗೆ ಸಲಹೆ ಕೊಡಲು ಸರ್ಕಾರದಲ್ಲಿ ನೋಂದಾಯಿಸಿಕೊಂಡ ಮೈಗ್ರೇಷನ್ ಏಜೆಂಟ್ ಬೇರೆ. ಮೊದಲನೆಯವನ ಮಾತು ನಂಬಿ ಎರಡನೆಯವನ ಕೆಲಸ ಮಾಡಿಸಬೇಡಿ.

ನೋಟಿಸ್ ಬಂದರೆ ಗಡುವಿನೊಳಗೆ ಉತ್ತರ ಕೊಡಿ. ಸುಳ್ಳು ಬೇಡ, ದಾಖಲೆ ಇರಲಿ. ನಕಲಿ ಮೆಡಿಕಲ್ ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಮೊದಲಿನದಕ್ಕಿಂತ ದೊಡ್ಡ ತಪ್ಪಾಗುತ್ತೆ. ಭಾರತದ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ವೀಸಾ ಉಳಿಸುವ ಅಧಿಕಾರ ಅದಕ್ಕಿಲ್ಲ, ಆದರೆ ದೂತಾವಾಸಕ್ಕೆ ನಿಮ್ಮ ವಿಷಯ ತಲುಪುತ್ತೆ.

ಇವು ಒಬ್ಬೊಬ್ಬರು ಮಾಡಬೇಕಾದದ್ದು. ಸರ್ಕಾರ ಮಾಡಬೇಕಾದದ್ದೂ ಇದೆ. ಕೂಲಿಗೆ ಜನರನ್ನು ಹೊರದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಓದಲು ಕಳಿಸುವವರು ಆ ಕಾಯ್ದೆಯೊಳಗೆ ಬರಲ್ಲ. ಒಂದು ಬೋರ್ಡು, ಎರಡು ಕುರ್ಚಿ, ವಿಮಾನದ ಚಿತ್ರ ಇದ್ದರೆ ಕನ್ಸಲ್ಟೆನ್ಸಿ ಶುರು. ಪಂಜಾಬ್ ತನ್ನ ಹುಡುಗರು ಮೋಸಹೋದದ್ದನ್ನು ನೋಡಿ 2012ರಲ್ಲೇ ಇಂಥವರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ತಂದಿತು. ಅಲ್ಲಿ ಮೋಸ ನಿಂತುಹೋಯಿತು ಅಂತಲ್ಲ, ಆದರೆ ಕೇಸು ಹಾಕಲು ಒಂದು ಕಾನೂನಾದರೂ ಇದೆ. ಕರ್ನಾಟಕದಲ್ಲೂ ಲೈಸೆನ್ಸ್ ಕಡ್ಡಾಯವಾಗಲಿ. ಕಮಿಷನ್ ಎಷ್ಟು, ಯಾರಿಂದ ಅನ್ನುವುದನ್ನು, ವೀಸಾದ ಷರತ್ತುಗಳನ್ನು ಕನ್ನಡದಲ್ಲಿ ಬರೆದು, ಅಪ್ಪ ಅಮ್ಮ ಓದಿ ಸಹಿ ಹಾಕುವಂತಾಗಲಿ. ಕೊಬ್ಬರಿಗೆ ಬೆಂಬಲ ಬೆಲೆ ಕೇಳಿ ಬೀದಿಗಿಳಿದ ಊರುಗಳಿಗೆ ಇದನ್ನು ಕೇಳುವುದು ಹೊಸತಲ್ಲ.

ತಮ್ಮನ ಉತ್ತರ ಮೂರನೇ ದಿನ ಹೋಯಿತು. ನೋಂದಾಯಿತ ಏಜೆಂಟ್ ಒಬ್ಬರು ಕೂತು ಬರೆದರು. ಏನಾಯಿತು, ಯಾಕಾಯಿತು, ಯಾರು ಏನು ಹೇಳಿದರು, ಎಲ್ಲ ಇದ್ದದ್ದು ಇದ್ದ ಹಾಗೆ. ಯೂನಿವರ್ಸಿಟಿಗೆ ಮರಳಿ ಸೇರಲು ಅರ್ಜಿ ಹಾಕಿದ್ದಾನೆ. ತೀರ್ಮಾನ ಇನ್ನೂ ಬಂದಿಲ್ಲ. ರದ್ದಾಗುವ ಸಾಧ್ಯತೆಯೇ ಹೆಚ್ಚು ಅಂತ ಆ ಏಜೆಂಟ್ ನೇರವಾಗಿ ಹೇಳಿದ್ದಾರೆ. ಚಿಕ್ಕಪ್ಪನಿಗೆ ಅದನ್ನೂ ಹೇಳಿದ್ದೇನೆ. "ಬರ್ತಾನಾದ್ರೆ ಬರ್ಲಿ ಬಿಡು, ತೋಟ ಎಲ್ಲೂ ಹೋಗಿಲ್ಲ. ಮೊದಲೇ ಹೇಳಿದ್ರೆ ಒಂದು ದಾರಿ ನೋಡ್ತಿದ್ವಿ" ಅಂದರು.

ನಿಮ್ಮ ಅಣ್ಣ, ತಂಗಿ, ಕ್ಲಾಸ್‌ಮೇಟ್ ಯಾರಾದರೂ ಹೊರದೇಶದಲ್ಲಿ ಓದುತ್ತಿದ್ದರೆ ಮುಂದಿನ ಸಲ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ಈ ಸೆಮಿಸ್ಟರ್ ಫೀಸು ಕಟ್ಟಿದೀಯಾ? ಇಲ್ಲ ಅಂದರೆ ಬೈಯಬೇಡಿ. ಗಡುವು ಯಾವತ್ತು ಅಂತ ಕೇಳಿ.